ಸೆರಗಿನಡಿಯ ಟೊಪ್ಪಿಗೆ

ಫೆಬ್ರುವರಿ 9, ಭಾನುವಾರ. ಇಳಕಲ್

ಮಾತ್ರೆ ಆಯಿತು. ಗಂಜಿ ಆಯಿತು. ವಾಂತಿ ಇಲ್ಲ, ಸದ್ಯ. ಎರಡನೇ ಕಿಮೋ ಆದಮೇಲೆ ತಲೆ ಪೂರ್ತಿ ಬೋಳು. ಅದಕ್ಕಾಗಿ ಅತ್ತು ಮುಗಿಸಿದ್ದೇನೆ. ಈಗಿನ ಫಜೀತಿ ಬೇರೆ — ಸೆರಗು ನಿಲ್ಲುತ್ತಿಲ್ಲ! ನಮ್ಮ ಇಳಕಲ್ ಸೀರೆಯ ಸೆರಗು ರೇಷ್ಮೆಯದು. ಕೂದಲಿದ್ದಾಗ ಹಿಡಿದುಕೊಳ್ಳುತ್ತಿತ್ತು. ಈಗ ಹೊದ್ದ ಕೂಡಲೇ ಸರ್ರನೆ ಹೆಗಲಿಗೆ. ಬಾಗಿದರಂತೂ ಮುಗಿದೇ ಹೋಯಿತು.

ಮಧ್ಯಾಹ್ನ ತಮ್ಮ ನಾಗಲಿಂಗನ ಫೋನು. ಮಗಳು ಹುಟ್ಟಿದ ಖುಷಿ ಇನ್ನೂ ಇಳಿದಿಲ್ಲ. ಮಾರ್ಚ್ 3ಕ್ಕೆ ಬಾದಾಮಿಯಲ್ಲಿ, ಹೆಂಡತಿಯ ತವರಿನಲ್ಲಿ ತೊಟ್ಟಿಲು.

"ಅಕ್ಕಾ, ಹೆಸರಿಡಾಕ ನೀನ ಬರಬೇಕ ನೋಡು. ಇದ್ದಾಕಿ ಒಬ್ಬಾಕಿ ಅತ್ತಿ."

ಹೆಸರಿಡುವುದು ಅತ್ತೆಯ ಹಕ್ಕು. ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೇಳಬೇಕು. ಬಾಗಬೇಕು… ಬೀಗರ ಮನೆಯ ಅಷ್ಟೂ ಹೆಂಗಸರ ಎದುರು.

"ಆಗೂದಿಲ್ಲಪಾ, ಬ್ಯಾರೆ ಯಾರನ್ನರ ಕರಿ," ಅಂದೆ. ಫೋನಿಟ್ಟೆ. ಹೋಗಬೇಕು ಅಂತ ಜೀವ ಬಡಿದುಕೊಳ್ಳುತ್ತಿದೆ.

ಫೆಬ್ರುವರಿ 11, ಮಂಗಳವಾರ

ನಾಗಲಿಂಗನ ಹೆಂಡತಿ ದಾನೇಶ್ವರಿ ಬಾಣಂತಿ ಕೋಣೆಯಿಂದಲೇ ಫೋನು ಮಾಡಿದಳು. "ಅಕ್ಕಾರ, ನೀವು ಬರೂ ಮಟಾ ನನ್ನ ಕೂಸಿಗೆ ಹೆಸರ ಇಲ್ಲ. ಸಾಲಿಗೆ ಹೋದರೂ ಕೂಸು ಅಂತನ ಬರಸ್ತೇನಿ." ಉತ್ತರಕ್ಕೂ ಕಾಯದೆ ಕಟ್ ಮಾಡಿದಳು. ಹಟಮಾರಿ. ಇಂಥವಳು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ.

ಪಕ್ಕದ ಮನೆಯ ಮೆಹರುನ್ನಿಸಾ ಮಗ್ಗ ಬಿಟ್ಟು ಎದ್ದು ಬಂದಳು. ದಿನಕ್ಕೊಮ್ಮೆ ನನ್ನ ಮುಖ ನೋಡದಿದ್ದರೆ ಅವಳಿಗೆ ನೇಯ್ಗೆ ಸಾಗುವುದಿಲ್ಲವಂತೆ. ಎಲ್ಲ ಹೇಳಿದೆ. ಸೆರಗು ಜಾರಿಸಿಯೂ ತೋರಿಸಿದೆ.

"ಇಷ್ಟಕ್ಕ ಹೋಗೂದಿಲ್ಲಂತೀರಿ? ಸೆರಗಿನ ಬುಡಕ ಒಂದು ಟೊಪಗಿ ಹಾಕೋರಿ ಗಂಗಕ್ಕಾ. ಅದು ಹಿಡಕೋತೈತಿ."

ಶಾಲೆಯಲ್ಲಿ ಸ್ವೆಟರ್ ಹೆಣೆಯಲು ಕಲಿತಿದ್ದೆ. ಹೆಣೆಯುತ್ತೇನೆ ಅಂದೆ. ಸಾಮಾನು ಆರಿಸುವುದು ಮಾತ್ರ ತಾನೇ ಅಂದಳು ಮೆಹರ್.

ಫೆಬ್ರುವರಿ 12

ಮಾಸ್ಕ್ ಹಾಕಿಕೊಂಡು ಪೇಟೆಗೆ ಹೋದೆವು. ಲಾಡಸಾಬರ ಅಂಗಡಿ. ಗುಲಾಬಿ ಉಲನ್ ಚೆಂದ ಇತ್ತು. ಕತ್ತಿಗೆ ಒತ್ತಿ ನೋಡಿದೆ — ತುರಿಕೆ. ಈಗ ನನ್ನ ಚರ್ಮಕ್ಕೆ ಎಲ್ಲವೂ ಚುಚ್ಚುತ್ತದೆ. ಮೇಲಾಗಿ ಈ ಬಿಸಿಲಿಗೆ ಉಲನ್ ಹಾಕಿದರೆ ತಲೆ ಬೆಂದೇ ಹೋಗುತ್ತದೆ. ಮೆಹರ್‌ಗೆ ಹೊಳೆಯುವ ರೇಯಾನ್ ಮೇಲೆ ಮನಸ್ಸು. ಅದೂ ಜಾರುತ್ತದೆ, ಸೆರಗೂ ಜಾರುತ್ತದೆ — ಎರಡೂ ಕೂಡಿ ತೊಟ್ಟಿಲಿಗೇ ಬೀಳುತ್ತವೆ ಅಂದೆ. ದಪ್ಪ ಹತ್ತಿ ನೂಲು ಅಂಗಡಿಯಲ್ಲಿ ಇರಲೇ ಇಲ್ಲ.

"ಹತ್ತಿ ನೂಲಿಗೆ ನನ್ನ ಮನ್ಯಾಗೇನು ಬರ ಐತೇನು?" ಅಂದಳು ಮೆಹರ್. ಮಗ್ಗದ ನೂಲು ಬಹಳ ಸಣ್ಣ. ಹಲವು ಎಳೆ ಕೂಡಿಸಿ ರಾಟಿಯಲ್ಲಿ ಹುರಿ ಮಾಡಿಕೊಡುತ್ತಾಳಂತೆ. ಬಣ್ಣ ದಾಳಿಂಬೆ ಕೆಂಪು, ಸೆರಗಿನದೇ.

ಹೆಣೆಯುವ ಕಡ್ಡಿಯ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣ. ನಾನು ಎಂಟು ಹಿಡಿದೆ. ಮೆಹರ್ ಕಸಿದುಕೊಂಡು ಹನ್ನೆರಡು ಕೊಟ್ಟಳು. "ಬೆಳಕಿಗೆ ಹಿಡಿದರ ಒಂದು ಸಂದು ಕಾಣಬಾರದು. ಸಂದ್ ಕಂಡರ ಅದೇನ್ ಕೆಲಸ?" ನನಗೂ ಸರಿ ಅನ್ನಿಸಿತು. ಬೋಳು ಇಣುಕಬಾರದಲ್ಲ.

ಫೆಬ್ರುವರಿ 22, ಶನಿವಾರ

ನಡುವೆ ಮೂರನೇ ಕಿಮೋ ಆಯಿತು. ಆ ದಿನಗಳು ಬರೆಯುವಂಥವಲ್ಲ. ಎದ್ದು ಕೂರಲು ಆದಾಗಲೆಲ್ಲ ಹೆಣೆದೆ. ಇವತ್ತು ಟೊಪ್ಪಿಗೆ ಮುಗಿಯಿತು.

ಟೇಬಲ್ ಮೇಲಿಟ್ಟರೆ ಬಟ್ಟಲಿನಂತೆ ತಾನೇ ನಿಲ್ಲುತ್ತದೆ! ನೆತ್ತಿಯಿಂದ ಕೆಳಗೆ ಇಳಿಯಲು ಸುತರಾಂ ಒಪ್ಪಲಿಲ್ಲ. ಮೆಹರ್ ಅದನ್ನು ಕಿಟಕಿಗೆ ಹಿಡಿದು ಹೆಮ್ಮೆಯಿಂದ, "ನೋಡ್ರಿ, ಹೆಸರಿಗೆ ಒಂದು ಸಂದಿಲ್ಲ!"

"ಸಂದಿಲ್ಲ ಖರೆ. ತಲಿ ಹೋಗಾಕೂ ದಾರಿ ಇಲ್ಲಲ್ಲವಾ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹುಟ್ಟಿದಾಗಿನಿಂದ ಸೀರೆಯ ನಡುವೆ ಇದ್ದವರು ನಾವು. ನೇಯ್ಗೆ ಬಿಗಿ ಇದ್ದಷ್ಟೂ ಬೆಲೆ. ಟೊಪ್ಪಿಗೆ ಹಿಗ್ಗಬೇಕು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಗು ನಿಂತ ಮೇಲೆ ಮೆಹರ್ ಸಪ್ಪಗಾದಳು. "ನನ್ನ ಹಟಕ್ಕ ನಿಮ್ಮ ಕಷ್ಟ ಎಲ್ಲಾ ನೀರಾಗ ಹೋತಲ್ರಿ," ಅಂದು ತಾನೇ ಬಿಚ್ಚಲು ಕೂತಳು. ನೂಲು ಒಂದಿಷ್ಟೂ ಹರಿಯಗೊಡಲಿಲ್ಲ.

ಫೆಬ್ರುವರಿ 25

ಮೆಹರ್ ಎಂಟನೇ ನಂಬರು ಕಡ್ಡಿ ತಂದಳು. ಅಂಚಿಗೆ ಎರಡು ಕುಣಿಕೆ ಸೀದಾ, ಎರಡು ಉಲ್ಟಾ. ಎಳೆದರೆ ಬರುತ್ತದೆ, ಬಿಟ್ಟರೆ ಕೂರುತ್ತದೆ. ಆದರೆ ನನ್ನ ಬೆರಳು ಮರಗಟ್ಟುತ್ತಿವೆ. ಔಷಧಿಯ ಗುಣವಂತೆ. ಕಡ್ಡಿ ಜಾರಿ ಹೆಣೆದ ಕುಣಿಕೆಗಳು ಉದುರಿಹೋದವು. ಸಿಟ್ಟಿನಿಂದ ಮೂಲೆಗೆ ಎಸೆದೆ. ಹೋಗುವುದೇ ಬೇಡ, ಸಾಕು.

ಮೆಹರ್ ಹೆಕ್ಕಿ ತಂದು ಪಕ್ಕದಲ್ಲಿ ಕೂತಳು. "ನನಗ ಕಲಸ್ರಿ."

ಮಾರ್ಚ್ 2, ಭಾನುವಾರ

ರಂಜಾನಿನ ಮೊದಲ ರೋಜಾ. ನೀರೂ ಕುಡಿಯದೆ ಕೂತು ನೆತ್ತಿಯ ಭಾಗ ಮುಗಿಸಿದಳು ಮೆಹರ್. ಹೆಣಿಕೆಯ ಸಂದುಗಳನ್ನು ನೋಡಿ ಮುಖ ಸಿಂಡರಿಸುತ್ತಲೇ ಹೆಣೆದಳು. ಹಾಕಿಕೊಂಡೆ. ಕಿವಿಯವರೆಗೆ ಮೆತ್ತಗೆ ಇಳಿಯಿತು. ಮೇಲೆ ಸೆರಗು ಹೊದ್ದು ಬಾಗಿದೆ. ನಿಂತಿತು!

ಅವಳ ಕೈ ಹಿಡಿದು ಅತ್ತೆ. ಒಡಹುಟ್ಟಿದವಳೂ ಇಷ್ಟು ಮಾಡುತ್ತಿರಲಿಲ್ಲ. ನಾಗಲಿಂಗನಿಗೆ ಬರುತ್ತೇನೆ ಅಂದೆ. ಆ ಕಡೆಯಿಂದ ಬರೀ ಮೂಗು ಎಳೆದುಕೊಳ್ಳುವ ಸದ್ದು.

ಮಾರ್ಚ್ 3, ಸೋಮವಾರ. ಬಾದಾಮಿ, ಸಂಜೆ 5

ಇಟ್ಟೆ! ಹೆಸರು ಇಟ್ಟೆ.

ಬಾಗಿದೆ. ಕುರ್ರ್… ಅಂದು ಕಿವಿಯಲ್ಲಿ 'ನೀಲಾಂಬಿಕಾ' ಅಂದೆ. ಸೆರಗು ಅಲುಗಲಿಲ್ಲ. ಆ ಹೊತ್ತಿಗೆ ಹಿಂದೆ ನಿಂತ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಆ ಅವಕಾಶ ಯಾರೂ ಬಿಡುವುದಿಲ್ಲ. ಇವತ್ತು ಎಲ್ಲರೂ ಬೆರಳ ತುದಿಯಿಂದ ಮುಟ್ಟಿ ಬಿಟ್ಟರು. ಪಾಪ, ರೋಗದವಳು ಅಂತ. ಗುದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಗ ದಾನೇಶ್ವರಿಯ ಅಜ್ಜಿ ಚಂದವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದರು. "ಧೂಳಾ ಝಾಡಸ್ತೀರೇನ? ಅತ್ತಿ ಹೌದಿಲ್ಲೋ ಈಕಿ?" ಅಂದವರೇ — ಧಡ್!

ಆಮೇಲೆ ಕೇಳಬೇಕೆ. ಎಲ್ಲರ ಕೈಯೂ ಬಿತ್ತು. ಸೆರಗು ಹೆಗಲಿಗೆ ಹಾರಿತು, ಟೊಪ್ಪಿಗೆ ಕೂತಲ್ಲೇ ಕೂತಿತ್ತು. ಅದನ್ನು ಯಾರು ನೋಡಿದರೋ, ಯಾರು ಬಿಟ್ಟರೋ. ನಾನು ನಗುತ್ತ, "ಸಾಕ ಬಿಡ್ರೇ ನಮ್ಮವ್ವಾ!" ಅಂತ ಕೂಗುತ್ತಿದ್ದೆ.

ಬೆನ್ನು ಇನ್ನೂ ಉರಿಯುತ್ತಿದೆ. ಕಾಯಿಲೆ ಬಂದ ಮೇಲೆ ಎಷ್ಟೋ ನೋವು ತಿಂದೆ. ಕೊಟ್ಟವರಿಗೆ ಕೈಮುಗಿಯಬೇಕು ಅನ್ನಿಸಿದ್ದು ಇದೊಂದಕ್ಕೇ.

ಮೆಹರ್‌ಗೆ ಫೋನು ಮಾಡಿ ಹೇಳಬೇಕು, ಅವರು ನನ್ನನ್ನು ಹೇಗೆ… ತಡಿ, ದಾನೇಶ್ವರಿ ಕರೆಯುತ್ತಿದ್ದಾಳೆ. "ಅಕ್ಕಾರ, ನಿಮ್ಮ ನೀಲಾ ಎದ್ದಾಳ, ಎತ್ತಿಕೊಳ್ಳಾಕ ಬರ್ರಿ—"

ಬಂದೆ