ಅಜ್ಜಿ ‘ಕ್ರಾಕ್’ ಅನ್ನಲಿಲ್ಲ

ಜಾಕ್ಮೆಲ್, ನವೆಂಬರ್ 14, ಗುರುವಾರ

ಕಥೆಯ ನಡುವೆ, ಮುಂದೆ ಹೇಳಲಾ ಎಂದು ಕೇಳಲು ನಾನು ‘ಕ್ರಿಕ್?’ ಅಂದಾಗ ಮಕ್ಕಳೆಲ್ಲ ‘ಕ್ರಾಕ್!’ ಎಂದು ಕೂಗಿದರು. ಜೆಸುಲಾ ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಕ್ರಾಕ್ ಅನ್ನದಿದ್ದರೆ ಕಥೆ ಬೇಡ ಎಂದೇ ಅರ್ಥ.

ಸೈತಾನನನ್ನು ಮದುವೆಯಾದ ಹುಡುಗಿಯ ಕಥೆ. ಹಿಂದಿನಿಂದ ಹೇಳುತ್ತ ಬಂದ ಕಥೆಯಲ್ಲಿ ಅವಳ ಅಣ್ಣ ಬಂದು ಬಿಡಿಸುತ್ತಾನೆ. ನಾನು ಅಣ್ಣನನ್ನೇ ತೆಗೆದುಹಾಕಿ ಮಚ್ಚನ್ನು ಅವಳ ಕೈಗೆ ಕೊಟ್ಟೆ. ಎಷ್ಟು ಬೀಗಿದ್ದೆ!

ಆಮೇಲೆ ಬಾಳೆಕಾಯಿ ಸುಲಿಯುತ್ತ ಅಜ್ಜಿ ಅಂದಳು, “ನಿಮ್ಮ ತಾತನ ಮನೆಯಿಂದ ನನ್ನ ಬಿಡಿಸ್ಕೊಂಡು ಬಂದಿದ್ದು ನಮ್ಮಣ್ಣ ಕಣೇ. ನಾನು ಮಚ್ಚು ಹಿಡೀಲಿಲ್ಲ. ಹಂಗಾದ್ರೆ ತಪ್ಪು ನಂದಾ?”

“ಅಯ್ಯೋ, ಹಂಗಲ್ಲಜ್ಜಿ” ಅಂದೆ.

ಅಣ್ಣನನ್ನು ವಾಪಸ್ ಕರೆತಂದರೆ ಹುಡುಗಿ ಮತ್ತೆ ಅಳುತ್ತ ಕೂರುತ್ತಾಳೆ. ತರದಿದ್ದರೆ ಅಜ್ಜಿ... ನಾಳೆ ಮಕ್ಕಳು ಅದೇ ಕಥೆಗೆ ದುಂಬಾಲು ಬೀಳುತ್ತಾರೆ. ‘ಕ್ರಿಕ್?’ ಅನ್ನುತ್ತೇನೆ, ಅಜ್ಜಿಯ ಬಾಯನ್ನೇ ನೋಡುತ್ತೇನೆ, ಆಮೇಲೆ ಮಚ್ಚನ್ನು ಯಾರ ಕೈಗೆ ಕೊಡುತ್ತೇನೋ ನನಗೇ ಗೊತ್ತಿಲ್ಲ.