ಬೀದಿಯಲ್ಲಿ ಸಿಗದ ಮಗಳು

ಬೀದಿಯಲ್ಲಿ ದುಡಿಯುವ ಮಕ್ಕಳ ಪುನರ್ವಸತಿ ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ನನಗೆ ಹೊಟ್ಟೆಕಿಚ್ಚು. ನೀವು ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ವಾರಗಿತ್ತಿ ಮೇಘಶ್ರೀಗೆ ನೀವು ತಳ್ಳುಗಾಡಿ ಕೊಟ್ಟಿರಿ, ನನಗೆ ಕೊಡಲಿಲ್ಲ. ಕಾರಣ, ಅವಳ ಮಗ ನಿಮಗೆ ಬೀದಿಯಲ್ಲಿ ಸಿಕ್ಕಿದ, ನನ್ನ ಮಗಳು ಸಿಗಲಿಲ್ಲ.

ನಾವಿಬ್ಬರೂ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಸೌತೆಕಾಯಿ ಮಾರುವವರು. ನಮ್ಮ ಗಂಡಂದಿರು ಅಣ್ಣತಮ್ಮಂದಿರು, ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಹಾಸನದ ಬಸ್ಸೋ ಬೆಂಗಳೂರಿನ ಬಸ್ಸೋ ಬಂದು ನಿಂತರೆ ನಾವು ಕಿಟಕಿಗಳ ಕೆಳಗೆ ಓಡಬೇಕು. ಮಕ್ಕಳ ಕೈಯಲ್ಲಿದ್ದರೆ ಸೌತೆಕಾಯಿ ಬೇಗ ಖರ್ಚಾಗುತ್ತದೆ, ಚೌಕಾಸಿಯೂ ಕಡಿಮೆ. ನನ್ನ ಯಶಸ್ವಿನಿಯೂ ಹೀಗೆ ಓಡಿದವಳೇ. ಹೋದ ವರ್ಷ ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ಅವಳ ಬುಟ್ಟಿಯನ್ನು ಜಜ್ಜಿತು. ಅವಳು ಪಕ್ಕಕ್ಕೆ ಹಾರಿ ಉಳಿದಳು. ಮಾರನೆಯ ದಿನವೇ ಶಾಲೆಗೆ ಸೇರಿಸಿದೆ. ವ್ಯಾಪಾರ ಅರ್ಧಕ್ಕಿಳಿಯಿತು, ಯಾರ ಮುಂದೆಯೂ ಕೈಚಾಚಲಿಲ್ಲ. ಮಕ್ಕಳನ್ನು ದುಡಿಸಬೇಡಿ, ಶಾಲೆಗೆ ಕಳಿಸಿ ಎಂದೇ ಅಲ್ಲವೇ ನೀವು ಗೋಡೆಗಳ ಮೇಲೆ ಬರೆಸಿರುವುದು?

ಸಂಕ್ರಾಂತಿ ಕಳೆದ ಮೇಲೆ ನಿಮ್ಮ ತಂಡ ಬಂತು. ಮೇಘಶ್ರೀಯ ಮಗ ಹರ್ಷವರ್ಧನ್ ಬುಟ್ಟಿ ಸಮೇತ ಸಿಕ್ಕಿದ. ಅವನಿಗೆ ಹಾಸ್ಟೆಲ್, ಅವಳಿಗೆ ಗಾಡಿ, ಗಾಡಿಗೊಂದು ದೊಡ್ಡ ಛತ್ರಿ. ಆ ಹುಡುಗ ಓದುತ್ತಿರುವುದು ನನಗೆ ಸಂತೋಷವೇ. ಆದರೆ ಆ ಸಂತೋಷ ಬೆಳಗಿನ ಹೊತ್ತು ಮಾತ್ರ ಇರುತ್ತದೆ. ಮಧ್ಯಾಹ್ನ ನೆತ್ತಿ ಸುಡುವಾಗ ಅವಳು ಛತ್ರಿಯ ಕೆಳಗೆ ಕೂತು, "ಅಕ್ಕ, ನೆಳ್ಳಿಗೆ ಬಾ ಕಣಕ್ಕ" ಎಂದು ಕರೆಯುತ್ತಾಳಲ್ಲ, ಆಗ ಮೈಯೆಲ್ಲ ಉರಿಯುತ್ತದೆ. ಅವಳು ಒಳ್ಳೆಯವಳು ಎಂಬುದಕ್ಕೇ ಇನ್ನಷ್ಟು ಉರಿಯುತ್ತದೆ.

ನಿಮ್ಮ ಕಚೇರಿಗೂ ಬಂದೆ. "ನಿಮ್ ಮಗು ಸ್ಕೂಲಿಗೆ ಓಯ್ತದಲ್ಲಮ್ಮ, ನೀವು ಸ್ಕೀಮಿಗೆ ಬರಕಿಲ್ಲ" ಎಂದರು ಗುಮಾಸ್ತರು.

"ಅಂಗಾದ್ರೆ ಸ್ಕೂಲ್ ಬಿಡಿಸ್ಲಾ ಸಾ?" ಎಂದೆ.

"ಬಿಡಿಸುದ್ರೆ ಕೇಸಾಯ್ತದೆ" ಎಂದರು.

ಎಂಥ ಸೊಗಸಾದ ವ್ಯವಸ್ಥೆ, ಮಾನ್ಯರೇ. ಮಗುವನ್ನು ಬೀದಿಗೆ ಬಿಟ್ಟ ತಾಯಿ ನಿಮ್ಮ ಫಲಾನುಭವಿ. ಬೀದಿಯಿಂದ ತಾನೇ ಎತ್ತಿಕೊಂಡ ತಾಯಿ ಯಾರು? ನಮ್ಮಿಬ್ಬರ ಮನೆಯ ನಡುವೆ ಇರುವುದು ಒಂದೇ ಗೋಡೆ, ಬಡತನ ಎರಡೂ ಕಡೆ ಇದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು ಕಡೆಯದು ಮಾತ್ರ.

ಬರುವ ಗುರುವಾರ ತಂಡ ಮತ್ತೆ ಬರುತ್ತದಂತೆ. ಸುದ್ದಿ ಮಗಳ ಕಿವಿಗೂ ಬಿದ್ದಿದೆ. ನಿನ್ನೆ ಜಡೆ ಹಾಕುವಾಗ ಹೇಳಿದಳು: "ಅವ್ವ, ಅವತ್ತೊಂದಿನ ಸ್ಕೂಲಿಗೆ ಓಗಕಿಲ್ಲ. ಬುಟ್ಟಿ ಇಡ್ಕಂಡು ಅವ್ರ ಕಣ್ಣಿಗೆ ಬೀಳಂಗೆ ನಿಂತ್ಕತೀನಿ. ನಿಂಗೂ ಗಾಡಿ ಕೊಡ್ತಾರೆ." ಬೈಯಬೇಕಿತ್ತು, ಬೈಯಲಿಲ್ಲ. ಎಲ್ಲಿ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತಾಳೆ ಎಂದು ಒಂದು ಗಳಿಗೆ ಯೋಚಿಸಿದೆ.

ಮಕ್ಕಳನ್ನು ಬೀದಿಯಿಂದ ತಾವೇ ಬಿಡಿಸಿಕೊಂಡ ಮನೆಗಳಿಗೂ ದುಡಿಮೆಗೊಂದು ದಾರಿ ಮಾಡಿಕೊಡಿ. ಗುರುವಾರದ ಮೊದಲು ಉತ್ತರ ಬೇಕು. ಮಗಳಿಗೆ ನಾನಿನ್ನೂ ಬೇಡ ಎಂದಿಲ್ಲ.

ಇಂತಿ,
ಬುಧವಾರದವರೆಗಂತೂ ಮಗಳನ್ನು ಶಾಲೆಗೆ ಕಳಿಸುವ
ಭಾನುಪ್ರಿಯಾ