ಆ ಹಾಲಿನ ಗುಳಿಗೆ ಇನ್ನು ನುಂಗಬೇಡ

ತಂಗಿ ಶಿವಲೀಲಾ,

ನಾನು ತಂದ ಗುಳಿಗೆ ನುಂಗಿದರೆ ಮುನಿರಾಬಾದ್ ಡ್ಯಾಮಿನ ಗೇಟೆಲ್ಲ ತೆಗೆದಂತೆ ಹಾಲು ಬರುತ್ತದೆ, ಗಂಗಾವತಿಯ ಕೂಸುಗಳೆಲ್ಲ ಕುಡಿದರೂ ಮಿಗುತ್ತದೆ ಎಂದು ನಿನ್ನೆ ಹೇಳಿದೆನಲ್ಲ, ಅದನ್ನು ಮರೆತುಬಿಡು.

ಮಧ್ಯಾಹ್ನದ ಗುಳಿಗೆ ನುಂಗಬೇಡ. ಹುಡುಕಲೂ ಬೇಡ, ಉಳಿದವು ನನ್ನ ಜೇಬಿನಲ್ಲಿವೆ. ಎದೆ ಡವಡವ ಎಂದರೆ, ತಲೆ ಸುತ್ತಿದರೆ ಸುಮ್ಮನೆ ಮಲಗಬೇಡ, ಕೂಡಲೇ ಅವ್ವನಿಗೆ ಹೇಳು. ನಿನ್ನ ಎದೆಬಡಿತದ ತೊಂದರೆಗೆ ತೋರಿಸಿದ ಹಳೆಯ ಕಾಗದ, ಹೆರಿಗೆಯ ಹೊಲಿಗೆಯ ಸೋಂಕಿಗೆ ಕೊಟ್ಟ ಮಾತ್ರೆ ಎರಡನ್ನೂ ಚೀಲದಲ್ಲಿಡು. ಡಾಕ್ಟರ ಹತ್ತಿರ ಹೋಗೋಣ, ಆಟೋ ತರಲು ಹೋಗಿದ್ದೇನೆ.

ಬೆಳಿಗ್ಗೆ ಇನ್ನಷ್ಟು ತರಲು ಮೆಡಿಕಲ್ ಅಂಗಡಿಗೆ ಹೋಗಿದ್ದೆ. ಅಲ್ಲಿಯೂ ಜಂಬ ಕೊಚ್ಚಿಕೊಂಡೆ. ಅಂಗಡಿಯ ಗುರುಬಸವ ಕೇಳಿದ: “ಡಾಕ್ಟರ್ ಬರ್ದಿದ್ದ ಚೀಟಿ ಎಲ್ಲೈತ್ರಿ? ಇದು ವಾಂತಿ ಗುಳಗಿ. ಹಾಲು ಹೆಚ್ಚಾಗಬಹುದು ಖರೆ, ಆದ್ರ ಎದಿ ತ್ರಾಸ ಇದ್ದವ್ರಿಗೆ ಎದಿಬಡಿತಾನ ತಪ್ಪಿಸ್ತೈತಿ. ನಿಮ್ಮ ತಂಗಿಗೆ ಹಂಗೇನರ ಐತೇನ್ರಿ?”

ಗುಳಿಗೆ ಕೊಳ್ಳದೆ ಮನೆಗೆ ಓಡಿ ಬಂದೆ.

ನೀನು ಮಲಗಿದ್ದೀ ಎಂದು ಚೀಟಿ ಬರೆಯುತ್ತಿಲ್ಲ. ನಿನ್ನ ಮುಖ ನೋಡಿ ಹೇಳುವ ಧೈರ್ಯ ಆಗಲಿಲ್ಲ. ದೊಡ್ಡ ಡಾಕ್ಟರು ನನಗೆ ಕುರ್ಚಿ ಹಾಕಿ ಕೂಡಿಸಿ, ಚಹಾ ಕುಡಿಸಿ, ಗುಳಿಗೆ ಕೊಟ್ಟರು ಎಂದದ್ದು ಸುಳ್ಳು. ದವಾಖಾನೆಯಲ್ಲಿ ಪಾಳಿ ಉದ್ದ ಇತ್ತು, ಒಳಗೆ ಹೋಗದೆ ತಿರುಗಿ ಬಂದೆ. ವಾಂತಿ ಗುಳಿಗೆ ಹಾಲಿಗೂ ಆಗುತ್ತದೆ ಎಂದು ಯಾರೋ ಅಂದದ್ದು ನೆನಪಿತ್ತು. ಬಸ್ಸು ಹತ್ತಿದರೆ ವಾಂತಿಯಾಗುತ್ತದೆಂದು ನಾನು ಇಟ್ಟುಕೊಂಡಿದ್ದ ಗುಳಿಗೆಯನ್ನೇ ನಿನಗೆ ಕೊಟ್ಟೆ. ಡಾಕ್ಟರ ಮುಂದೆ ಇದನ್ನು ನಾನೇ ಹೇಳುತ್ತೇನೆ.

ನಿನ್ನ ಅಣ್ಣ,
ಕೊಟ್ರೇಶ